ತಿರುಗಿಸಿಟ್ಟ ಕೇರಂ ಬೋರ್ಡು

ನಮ್ಮ ಗೋಕಾಕದ ಕಾಲೇಜಿನ ಫಿಸಿಕ್ಸ್ ಮೇಡಂ ಯಾವುದನ್ನೂ ಒಂದೇ ಕಡೆಯಿಂದ ನೋಡಿ ನಂಬಿದವರಲ್ಲ. ಕೊಣ್ಣೂರ ಸಂತೆಯಲ್ಲಿ ಬದನೆಕಾಯಿ ಕೊಳ್ಳುವಾಗಲೂ "ತಿರುಗಿಸಿ ನೋಡ್ರಿ" ಎನ್ನುವರು. ಹಳೆಯ ಪ್ರೊಜೆಕ್ಟರಿನಿಂದ ವಸ್ತುಗಳ ಮೇಲೆ ಬೆಳಕಿನ ಗೆರೆಗಳನ್ನು ಬಿಟ್ಟು, ಅವು ಎಲ್ಲಿ ಬಾಗುತ್ತವೆಂದು ಮೊಬೈಲಿನಲ್ಲಿ ಹಿಡಿದು, ಉಬ್ಬುತಗ್ಗು ಅಳೆಯುವುದು ಅವರ ಹುಚ್ಚು.

ಅಳತೆ ಸರಿಯಿದೆಯೇ ಎಂದು ನೋಡಲು ಸಪಾಟಾದದ್ದೊಂದು ಬೇಕಾಗಿ, ಸ್ಟಾಫ್ ರೂಮಿನ ಕೇರಂ ಬೋರ್ಡು ತಂದರು. ಕಾಯಿ ಬೀಳುವ ಜಾಳಿಗೆ ಹರಿದ ಒಂದು ಮೂಲೆಯಲ್ಲಿ ಗೆರೆ ಬಾಗಿತು.

"ನಿಮ್ಮ ಕ್ಯಾಮೆರಾನ ಕೆಟ್ಟೈತ್ರಿ" ಎಂದು ನಕ್ಕರು ಪ್ರಿನ್ಸಿಪಾಲರು. ಕೇರಂನಲ್ಲಿ ಅವರು ಸೋತದ್ದೇ ಇಲ್ಲ.

ಮೇಡಂ ಬೋರ್ಡು ತಿರುಗಿಸಿದರು. ಬಾಗೂ ಜೊತೆಗೇ ತಿರುಗಿತು. ಕ್ಯಾಮೆರಾ ಸರಿಯಿತ್ತು, ತಗ್ಗು ಬೋರ್ಡಿನದು; ಕಾಯಿಗಳು ಆ ಮೂಲೆಗೇ ಜಾರುವಂತಿತ್ತು.

ಸಂಜೆ ಆಟಕ್ಕೆ ಮೇಡಂ ಬೋರ್ಡನ್ನು ಹಾಗೇ ತಿರುಗಿಸಿಟ್ಟರು. ತಮ್ಮ ಖಾಯಂ ಕುರ್ಚಿಯಲ್ಲಿ ಕುಳಿತ ಪ್ರಿನ್ಸಿಪಾಲರು, ಹರಿದ ಜಾಳಿಗೆ ಎಂದಿನಂತೆ ತಮ್ಮೆದುರಿಗಿಲ್ಲದ್ದು ಕಂಡು, ಸ್ಟ್ರೈಕರ್ ಮುಟ್ಟುವ ಮೊದಲೇ ಮೆಲ್ಲಗೆ ಹೇಳಿದರು: "ಮೇಡಂ, ಮದ್ಲ ಹೆಂಗಿತ್ತೋ ಹಂಗ ಇಡ್ರಿ."