ಹೊಸ ಕಂಟ್ರೋಲ್, ಹಳೆಯ ಬೆರಳು

ಪೀಣ್ಯದ ನಮ್ಮ ವರ್ಕ್‌ಶಾಪಿನಲ್ಲಿ ಲೋಹ ಕೊರೆಯುವ ಹಳೆಯ ಸಿಎನ್‌ಸಿ ಲೇತಿನ ಮೈ ಗಟ್ಟಿಮುಟ್ಟಾಗಿತ್ತು, ತಲೆ ಮಾತ್ರ ಕೆಟ್ಟಿತ್ತು. ಪರದೆ ಮಂಕಾಗಿ ಅಂಕಿಗಳೇ ಕಾಣುತ್ತಿರಲಿಲ್ಲ. ಗುಜರಿಗೆ ಹಾಕುವುದೋ, ಹೊಸ ಕಂಪ್ಯೂಟರ್ ಕಂಟ್ರೋಲ್ ಕೂರಿಸುವುದೋ ಎಂದು ಮಾಲೀಕರು ಬಹಳ ದಿನ ಅಳೆದು ಸುರಿದು ಕೊನೆಗೆ ಕೂರಿಸಲು ಒಪ್ಪಿದರು. ಸುಮ್ಮನೆ ಒಪ್ಪಿಯಾರೇ?

"ಶನಿವಾರದೊಳಗೆ ಪೀಸ್ ಸರಿಯಾಗಿ ಬರ್ಲಿಲ್ಲ ಅಂದ್ರೆ ಮಷೀನ್ ಗುಜರಿಗೆ, ಆಪರೇಟರ್ ಊರಿಗೆ" ಎಂದರು.

ಆಪರೇಟರ್ ರಾಣೆಬೆನ್ನೂರು ಕಡೆಯವರು. ಹೆಂಡತಿ ಮಕ್ಕಳ ಜೊತೆ ನಾಗಸಂದ್ರದ ಬಾಡಿಗೆ ಕೋಣೆಯಲ್ಲಿದ್ದರು. ಆ ಲೇತ್ ಬಿಟ್ಟು ಬೇರೆ ಮಷೀನ್ ಮುಟ್ಟಿದವರಲ್ಲ. ನಾನು ಅಲ್ಲಿ ಇನ್‌ಸ್ಪೆಕ್ಷನ್ ನೋಡುತ್ತಿದ್ದೆ. ಮೈಕ್ರೋಮೀಟರ್ ಹಿಡಿದು ಅವರ ಪೀಸುಗಳಲ್ಲಿ ತಪ್ಪು ಹುಡುಕುವುದೇ ನನ್ನ ಉದ್ಯೋಗ. ಆದರೂ ಆ ಮಾತು ಕೇಳಿ ನನಗೆ ಮೈಯೆಲ್ಲ ಉರಿಯಿತು.

ಕಂಟ್ರೋಲ್ ಕೂರಿಸಲು ಬಂದವಳು ನನ್ನ ವಯಸ್ಸಿನ ಒಬ್ಬ ಎಂಜಿನಿಯರ್. ಅವಳ ಕೆಲಸ ನೋಡುವ ಆಸೆಗೆ ನಾನು ಊಟ ಬೇಗ ಮುಗಿಸುತ್ತಿದ್ದೆ. ಹಳೆಯ ವೈರುಗಳನ್ನು ಕಿತ್ತು ಬಿಸಾಡುವ ಪೈಕಿ ಅಲ್ಲ ಅವಳು. ಒಂದೊಂದಕ್ಕೂ ಚೀಟಿ ಕಟ್ಟಿ ಬಿಚ್ಚಿದಳು. ಮೋಟಾರು ಬದಲಾಯಿತು. ಟೂಲನ್ನು ಹಿಂದೆ ಮುಂದೆ ಸರಿಸುವ ಸ್ಕ್ರೂ ಸವೆದಿತ್ತು, ಅದೂ ಬದಲಾಯಿತು. ಹೊಸ ಪರದೆ ಬೆಳಗಿದಾಗ ಆಪರೇಟರ್ ಕುಂಕುಮ ಹಚ್ಚಿ ಕೈಮುಗಿದರು. ಅವಳೂ ಬೂಟು ಕಳಚಿ ಕೈಮುಗಿದಳು.

ಶನಿವಾರ ಪೀಸ್ ಬಂತು. ಅಳೆದೆ, ತೆಳುವಾಗಿತ್ತು. ಇನ್ನೊಂದು ಬಂತು, ಅದೂ ತೆಳು. ದಪ್ಪವಿದ್ದರೆ ಮತ್ತೆ ಕೊರೆಯಬಹುದು, ತೆಳುವಾದದ್ದು ಕಸ.

"ಮುದುಕಿಗೆ ಶೃಂಗಾರ ಮಾಡ್ದಂಗಾಯ್ತು" ಎಂದು ಗೊಣಗುತ್ತ ಮಾಲೀಕರು ಆಫೀಸಿಗೆ ಹೋದರು.

ಅವಳು ಡಯಲ್ ಗೇಜ್ ಇಟ್ಟು ಮಷೀನನ್ನು ಹಿಂದಕ್ಕೂ ಮುಂದಕ್ಕೂ ನಡೆಸಿ ನೋಡಿದಳು. ಕೂದಲೆಳೆಯಷ್ಟೂ ತಪ್ಪಿಲ್ಲ. ಆಗ ಎಲ್ಲ ಅಂಕಿ ಅಳಿಸಿ, "ಅಣ್ಣ, ಮೊದ್ಲಿಂದ ಶುರು ಮಾಡಿ" ಎಂದು ಆಪರೇಟರ ಕೈಯನ್ನೇ ನೋಡುತ್ತ ನಿಂತಳು. ಸ್ಟಾರ್ಟ್ ಒತ್ತುವ ಮುನ್ನ ಅವರ ಬೆರಳು ತಾನಾಗಿ ಹೋಗಿ ಒಂದು ಅಂಕಿ ಒತ್ತಿತು. ಹಳೆಯ ಸ್ಕ್ರೂ ಸವೆದು ಪೀಸ್ ಸದಾ ದಪ್ಪ ಬರುತ್ತಿತ್ತಲ್ಲ, ಅದಕ್ಕೆಂದು ಅವರು ವರ್ಷಗಟ್ಟಲೆ ಒಂಚೂರು ಹೆಚ್ಚೇ ಕೊರೆಸಿದ್ದರು. ಸ್ಕ್ರೂ ಹೋಗಿತ್ತು, ರೂಢಿ ಹೋಗಿರಲಿಲ್ಲ.

"ಅಣ್ಣ, ಇದೊಂದು ಪೀಸಿಗೆ ಕೈ ಹಿಂದೆ ಕಟ್ಕೊಂಡು ನಿಂತ್ಕೋತೀರಾ?" ಎಂದು ಮೆಲ್ಲಗೆ ಕೇಳಿ, ಆ ಅಂಕಿಯನ್ನು ಅಳಿಸಿ ತಾನೇ ಸ್ಟಾರ್ಟ್ ಒತ್ತಿದಳು. ಬಂದ ಪೀಸನ್ನು ಎರಡೆರಡು ಸಲ ಅಳೆದೆ, ಕರಾರುವಾಕ್ಕಾಗಿತ್ತು. ಆಪರೇಟರ ಮುಖ ಬಿಳಿಚಿಕೊಂಡಿತು.

ಮಾಲೀಕರು ಬಂದು ಏನಾಗಿತ್ತೆಂದು ಕೇಳಿದರು.

"ನನ್ನ ಸೆಟ್ಟಿಂಗ್ ತಪ್ಪಿತ್ತು ಸಾರ್. ಸರಿ ಮಾಡ್ದೆ" ಎಂದಳು ಅವಳು. ಇಷ್ಟು ಚೆಂದದ ಸುಳ್ಳನ್ನು ನಾನು ಕೇಳಿರಲಿಲ್ಲ. ಅವಳನ್ನು ತಬ್ಬಿಕೊಳ್ಳಬೇಕೆನಿಸಿತು.

ಅಷ್ಟರಲ್ಲಿ ಆಪರೇಟರ್ ಮುಂದೆ ಬಂದರು.

"ಇಲ್ರೀ ಸಾಹೇಬ್ರ, ಅಕ್ಕಾರದ್ದು ಏನೂ ತಪ್ಪಿಲ್ಲ. ಹಳೀ ಚಾಳಿಯೊಳಗ ನಾನ ಜಾಸ್ತಿ ಒತ್ತೀನಿ. ಕಳಸೋದಾದ್ರ ನನ್ನ ಕಳಸ್ರಿ, ಮಷೀನ್ ಗುಜರಿಗೆ ಹಾಕಬ್ಯಾಡ್ರಿ."

ಮಾಲೀಕರು ಇಬ್ಬರ ಮುಖವನ್ನೂ ನೋಡಿದರು, ನನ್ನ ಕೈಯಲ್ಲಿದ್ದ ಪೀಸನ್ನು ತೆಗೆದುಕೊಂಡು ತಿರುಗಿಸಿ ನೋಡಿದರು.

"ತಪ್ಪು ನಂದು, ನಂದು ಅಂತ ಜಗಳ ಆಡೋರ್ನ ಈ ಪೀಣ್ಯದಲ್ಲಿ ಇವತ್ತೇ ನೋಡಿದ್ದು ಕಣ್ರೀ" ಎಂದರು ಆಪರೇಟರಿಗೆ. "ಹೋಗಿ, ಮುಂದಿನ ಪೀಸ್ ಹಾಕಿ."