ಬೂದಿ ಗೆರೆಯ ಊರು

ಅರವತ್ತರ ದಶಕದ ಆ ಬೇಸಿಗೆ ರಜೆಯಲ್ಲಿ, ನಮ್ಮೂರು ಶಾಗ್ಯದ ಕಣದಲ್ಲಿ ದಿನವೂ ಒಬ್ಬ ರಕ್ಕಸ ಸಾಯುತ್ತಿದ್ದ. ರಕ್ಕಸ ನನ್ನ ದೊಡ್ಡಪ್ಪನ ಮಗ, ನನಗೆ ಅಣ್ಣ. ಕೊಲ್ಲುವ ರಾಜಕುಮಾರ ನನ್ನ ತಮ್ಮ. ನಾನೂ ದೊಡ್ಡಪ್ಪನ ಮಗಳೂ ಊರಿನ ಜನ. ರಕ್ಕಸ ಗೋಣಿಚೀಲ ಹೊದ್ದು ಅರಚುತ್ತಾ ಬರುವುದು, ನಾವು ಕಿರುಚಿ ಓಡುವುದು, ತಮ್ಮ ಜೋಳದ ದಂಟಿನಿಂದ ಅವನನ್ನು ತಿವಿಯುವುದು. ಅಷ್ಟೇ ಆಟ. ಕೊನೆಕೊನೆಗೆ ರಕ್ಕಸನಿಗೇ ಆಕಳಿಕೆ ಬರತೊಡಗಿತು.

ಕಣದ ಅಂಚಿನ ಹೊಂಗೆ ಮರದಡಿ ನಮ್ಮ ಸೋದರತ್ತೆ ಹುಣಸೆಹಣ್ಣು ಜಜ್ಜಿ ಬೀಜ ಬಿಡಿಸುತ್ತಾ ಕೂತಿರುತ್ತಿದ್ದಳು. ಎಳವೆಯಲ್ಲಿ ಬಂದ ಜ್ವರ ಅವಳ ಎರಡೂ ಕಾಲುಗಳ ಕಸುವನ್ನು ಕಸಿದಿತ್ತು. ಬೆಳಿಗ್ಗೆ ಅಪ್ಪ ಎತ್ತಿ ತಂದು ಅಲ್ಲಿ ಕೂರಿಸುತ್ತಿದ್ದ, ಸಂಜೆ ಎತ್ತಿ ಒಳಗೆ ಒಯ್ಯುತ್ತಿದ್ದ. ಒಮ್ಮೆ ಗಾಡಿಯಲ್ಲಿ ಕಾಮಗೆರೆಗೆ ಹೋಗಿ ಬಂದದ್ದು ಬಿಟ್ಟರೆ ಅವಳು ಬೇರೆ ಊರು ಕಂಡವಳಲ್ಲ.

ಒಂದು ದಿನ ಅವಳು ಕೈಯ ಕಲ್ಲನ್ನು ಕೆಳಗಿಟ್ಟು, "ಲೇ, ನಿಮ್ ರಕ್ಕಸುಂಗೆ ಯಾರ್ಲಾ ಎದರ್ತಾರೆ? ಅವ್ನು ತಿನ್ನಕ್ ಬರಕೆ ಊರೇ ಇಲ್ವಲ್ಲ" ಎಂದಳು.

"ಇದೇ ಊರು ಕಣತ್ತೆ" ಎಂದು ತಮ್ಮ ಬರಿ ಕಣವನ್ನು ತೋರಿಸಿದ.

"ಅಂಗಾರೆ ಏಳು. ನೀರು ಎಲ್ಲಿ ಸೇದ್ತಾರೆ? ಯಾರ ಮನೆ ಬಾಗ್ಲು ಯಾವ ಕಡೀಕದೆ? ಊರು ಅಂದ್ಮೇಲೆ ಯಾರ್ಗಾರ ಯಾರ್ಜೊತೆಗಾರ ಮಾತು ಬಿಟ್ಟೋಗಿರ್ಬೇಕಲ್ಲ, ಯಾರ್ಗೆ?"

ಅತ್ತೆ ನಮ್ಮಿಂದ ಒಲೆಯ ಬೂದಿ ತರಿಸಿದಳು. ಅವಳು ಕೂತಲ್ಲಿಂದಲೇ ಕೈ ತೋರಿಸುತ್ತಾ ಹೋದಂತೆ ನಾವು ಗೆರೆ ಎಳೆದೆವು. ನಡುವೆ ಒಂದೇ ಬಾವಿ, ಎಲ್ಲರೂ ಅಲ್ಲಿಗೇ ಬರಬೇಕು. ಬಾವಿಯ ಪಕ್ಕದಲ್ಲೇ ದೊಡ್ಡಪ್ಪನ ಮಗಳ ಮನೆ, ಆಚೆ ಕೊನೆಯಲ್ಲಿ ನನ್ನದು. ಅತ್ತೆ ಕಟ್ಟಿದ ಕತೆಯಲ್ಲಿ, ದೊಡ್ಡಪ್ಪನ ಮಗಳು ಒಣಹಾಕಿದ್ದ ರಾಗಿಯನ್ನು ನನ್ನ ಕೋಳಿ ಕೆದಕಿ ತಿಂದಿತ್ತು. ಅಂದಿನಿಂದ ನಮಗಿಬ್ಬರಿಗೂ ಮಾತಿಲ್ಲ. ತಮ್ಮ ಕುರಿ ಕಾಯುವವ. ರಾಜಕುಮಾರ ಬೇಕಾದಾಗ ಬಂದರಾಯಿತು ಎಂದಳು ಅತ್ತೆ.

"ನಾನು?" ಎಂದ ರಕ್ಕಸ.

"ನೀ ಬೆಟ್ಟದ್ ಮೇಲಿರು. ಮೊದ್ಲು ಇವ್ರು ಬಾಳಾಟ ಮಾಡ್ಲಿ."

ಅವನು ಮುಖ ಊದಿಸಿಕೊಂಡು ಹುಲ್ಲಿನ ಮೆದೆ ಹತ್ತಿ ಕೂತ. ನಾವು ಬಾಳಾಟ ಶುರು ಮಾಡಿದೆವು. ಬೆಳಿಗ್ಗೆದ್ದು ಅಂಗಳ ಗುಡಿಸುವುದು, ನೀರು ಸೇದುವುದು, ಸರದಿ ಕಾಯುವುದು. ಬಾವಿಯ ಹತ್ತಿರ ದೊಡ್ಡಪ್ಪನ ಮಗಳು ನನ್ನನ್ನು ಕಂಡರೆ ಮುಖ ತಿರುಗಿಸುತ್ತಿದ್ದಳು. ಎರಡು ದಿನ ಕಳೆದ ಮೇಲೆ ನಿಜವಾದ ಮನೆಯಲ್ಲಿ, ನಿಜವಾದ ಮುದ್ದೆಯ ಮುಂದೆ ಕೂತಾಗಲೂ ನನಗೆ ಬೆನ್ನು ಮಾಡಿದಳು. ನನಗೆ ಆ ಕೋಳಿಯ ಮೇಲೆ ಸಿಟ್ಟು ಬಂತು. ಇಲ್ಲದ ಕೋಳಿ!

ಒಂದು ಮಧ್ಯಾಹ್ನ ಅವ್ವ ಮಜ್ಜಿಗೆ ಚೆಂಬು ಹಿಡಿದು ಕಣಕ್ಕೆ ಬಂದಳು. ನೆಟ್ಟಗೆ ಬರುತ್ತಿದ್ದವಳು ನನ್ನ ಮನೆಯ ಬೂದಿ ಗೆರೆಯ ಹತ್ತಿರ ನಿಂತಳು. ಗೋಡೆಯನ್ನು ಬಳಸಿ, ಬಾಗಿಲಿಗೆಂದು ಬಿಟ್ಟ ಜಾಗಕ್ಕೆ ಬಂದು, ತಲೆ ತುಸು ಬಗ್ಗಿಸಿ ಒಳಗೆ ಬಂದು ಚೆಂಬು ಕೊಟ್ಟಳು. ಅದೇ ಬಾಗಿಲಿನಿಂದ ಹೊರಟು ಹೋದಳು. ತಮಾಷೆಗೆ ಮಾಡಲಿಲ್ಲ, ಅವಳ ಮುಖದಲ್ಲಿ ಬೇರೇನೋ ಕೆಲಸದ ಯೋಚನೆಯಿತ್ತು. ಚೆಂಬು ಹಿಡಿದುಕೊಂಡೇ ಅತ್ತೆಯ ಕಡೆ ನೋಡಿದೆ. ಅವಳೂ ಹುಣಸೆಹಣ್ಣು ಮರೆತು ಅವ್ವ ಹೋದ ದಾರಿಯನ್ನೇ ನೋಡುತ್ತಿದ್ದಳು.

ಆಗ ಅತ್ತೆ ಮೆದೆಯ ಕಡೆ ಕೈ ಬೀಸಿದಳು.

ರಕ್ಕಸ ಈ ಸಲ ಅರಚಲಿಲ್ಲ. ಅಷ್ಟು ದಿನ ಮೇಲಿಂದ ನಮ್ಮ ಊರನ್ನು ನೋಡಿ ನೋಡಿ ಅವನಿಗೆ ಯಾರು ಯಾವಾಗ ಒಂಟಿಯಾಗಿರುತ್ತಾರೆಂದು ಗೊತ್ತಿತ್ತು. ನಾನೊಬ್ಬಳೇ ಬಾವಿಯ ಹತ್ತಿರ ಬಗ್ಗಿದ್ದಾಗ ಮೆಲ್ಲಗೆ ಇಳಿದು ಬಂದ. ಗೋಣಿಚೀಲದೊಳಗಿರುವುದು ನಮ್ಮಣ್ಣನೇ ಎಂದು ಗೊತ್ತಿದ್ದೂ ನಾನು ನೀರು ಸೇದುವುದನ್ನು ಬಿಟ್ಟು ಎದ್ದುಬಿಟ್ಟೆ. ನನ್ನ ಮನೆ ದೂರ. ಓಡಿ ಮುಟ್ಟಲಾರೆ.

ಬಾವಿಯ ಪಕ್ಕದ ಮನೆಯ ಬಾಗಿಲಲ್ಲಿ ದೊಡ್ಡಪ್ಪನ ಮಗಳು ನಿಂತಿದ್ದಳು. ಒಂದು ಗಳಿಗೆ ನನ್ನನ್ನು ನೋಡಿದಳು.

"ಒಳಕ್ ಬಾಮ್ಮಿ!" ಎಂದು ನನ್ನ ಕೈ ಹಿಡಿದು ಎಳೆದುಕೊಂಡು, ಬಾಗಿಲಿಗೆ ಅಡ್ಡಲಾಗಿ ಒಂದು ದಂಟು ಇಟ್ಟಳು.

ರಕ್ಕಸ ಗೆರೆಯವರೆಗೂ ಬಂದು ನಿಂತ. ಕಾಲೆತ್ತಿ ಇಟ್ಟಿದ್ದರೆ ಒಳಗೆ ಬರುತ್ತಿದ್ದ. ಇಡಲಿಲ್ಲ. ಗೋಡೆಯ ಸುತ್ತ ಸುತ್ತುತ್ತಾ ಸಂದಿ ಹುಡುಕಿದ. ನಾವಿಬ್ಬರೂ ಒಬ್ಬರನ್ನೊಬ್ಬರು ಅವಚಿಕೊಂಡು ಕೂತೆವು. ತಮ್ಮ ತಾನು ರಾಜಕುಮಾರನೆಂಬುದನ್ನೇ ಮರೆತು ತನ್ನ ಕುರಿಗಳ ನಡುವೆ ಬಾಯಿ ತೆರೆದು ನಿಂತಿದ್ದ. ಕೊನೆಗೆ ರಕ್ಕಸನೇ ಬೆಟ್ಟದ ಕಡೆ ತಿರುಗಿದ. ಆಗ ದೊಡ್ಡಪ್ಪನ ಮಗಳು ಬಿಕ್ಕಿ ಬಿಕ್ಕಿ ಅತ್ತಳು. ನಾನೂ ಅತ್ತುಬಿಟ್ಟೆ.

"ಬಾಗ್ಲು ತಗೀ ಅಂತ ನಾ ಏಳ್ಲೇ ಇಲ್ಲ" ಎಂದಳು ಸೋದರತ್ತೆ, ತನಗೆ ತಾನೇ ಹೇಳಿಕೊಳ್ಳುವಂತೆ. ಅವಳ ಕಣ್ಣೂ ಒದ್ದೆಯಾಗಿತ್ತು. ಹುಣಸೆಯ ಕೈಯನ್ನು ಸೆರಗಿಗೆ ಒರೆಸಿಕೊಂಡು, "ನನ್ನೂವೆ ಊರೊಳೀಕೆ ಕರ್ಕಂಡು ಓಗ್ರವ್ವ" ಎಂದಳು.

ಅಣ್ಣ ಗೋಣಿಚೀಲ ಕಳಚಿ ಬಂದು ಅವಳನ್ನು ಬೆನ್ನಮೇಲೆ ಹೊತ್ತುಕೊಂಡ. ನಾವು ಅಕ್ಕಪಕ್ಕ ಹಿಡಿದುಕೊಂಡೆವು. ತಮ್ಮ ಮುಂದೆ ಮುಂದೆ ಹೋಗಿ ಕುರಿಗಳನ್ನು ದಾರಿಯಿಂದ ಓಡಿಸಿದ. ಪ್ರತಿ ಮನೆಗೂ ಬಾಗಿಲಿನಿಂದಲೇ ಒಳಹೋದೆವು. ಅತ್ತೆ ಅಲ್ಲಲ್ಲಿ ನಿಲ್ಲಿಸಿ, "ಈ ಮನೆ ಅಟ್ಟ ಒಸಿ ತಗ್ಗಾಯ್ತು" ಎಂದೋ, "ಇಲ್ಲೊಂದು ನುಗ್ಗೆ ಮರ ಆಕ್ಬೇಕು" ಎಂದೋ ಹೇಳುತ್ತಿದ್ದಳು. ಬಾವಿಯ ಹತ್ತಿರ ಇಳಿಸಿ ಎಂದಳು. ಇಳಿಸಿದೆವು. ಪಕ್ಕ ಕೂತ ನನ್ನ ಹೆಗಲನ್ನು ಗಟ್ಟಿಯಾಗಿ ಹಿಡಿದು, ಬೂದಿಯ ಸುತ್ತುಗೆರೆಯೊಳಗೆ ಬಗ್ಗಿ ನೋಡಿದಳು.

"ಅಬ್ಬಾ, ಏಸ್ ಆಳ ಅದೆ" ಎಂದಳು.

ಅವಳು ಬಿದ್ದುಬಿಟ್ಟಾಳೆಂದು ಅಣ್ಣ ಹಿಂದಿನಿಂದ ಅವಳ ಸೀರೆಯ ಸೆರಗನ್ನು ಕೈಗೆ ಸುತ್ತಿ ಹಿಡಿದುಕೊಂಡ.