ಬರಿಗಾಲಿನ ಗೋಲಿಗೆ ಎರಡು

ಅವರ ಎಡಗಾಲಿನ ಹೆಬ್ಬೆರಳಿಗೆ ಉಗುರಿರಲಿಲ್ಲ. ಬಲಗಾಲೂ ಇರಬಹುದು, ನನ್ನ ನೆನಪು ಅನುಕೂಲ ನೋಡಿ ಕಾಲು ಬದಲಾಯಿಸುತ್ತದೆ. ಉಗುರಿದ್ದ ಜಾಗದಲ್ಲಿ ಹುಣಸೆ ಬೀಜದಂತೆ ಗಟ್ಟಿಯಾದ, ಹೊಳೆಯುವ ಚರ್ಮ. ನಮ್ಮ ಪಿ.ಟಿ. ಮೇಷ್ಟ್ರು ಪ್ರಾಯದಲ್ಲಿ ಬರಿಗಾಲಲ್ಲೇ ಫುಟ್‌ಬಾಲ್ ಆಡಿದವರು.

ಎರಡು ಸಾವಿರದ ಇಸವಿಯ ಆಸುಪಾಸು. ಸರಸ್ವತಿಪುರಂನ ಶಾಲೆಯಿಂದ ನಿವೃತ್ತರಾದ ಮೇಲೆ ರಾಜೀವನಗರದ ಬಯಲಿನಲ್ಲಿ ಭಾನುವಾರ ಬೆಳಗ್ಗೆ ಒಂದು ಲೀಗ್ ನಡೆಸುತ್ತಿದ್ದರು. ಆಟಕ್ಕೆ ಮೊದಲು ಎರಡೂ ತಂಡ ಸಾಲಾಗಿ ಬಗ್ಗಿ ನಡೆದು ಕಲ್ಲು, ಗಾಜು ಆರಿಸಬೇಕು. ಮೇಷ್ಟ್ರೂ ಬಗ್ಗುವರು. ಸಿಕ್ಕ ಗಾಜನ್ನು ತಮ್ಮ ಶರ್ಟಿನ ಜೇಬಿಗೇ ಹಾಕಿಕೊಂಡು ಹಾಕಿಕೊಂಡು, ಅವರ ಜೇಬುಗಳೆಲ್ಲ ತೂತು.

ಬಗ್ಗಿಕೊಂಡೇ ಯೂರೋಪಿನ ಸುದ್ದಿ. ಯಾವ ದೇಶದಲ್ಲಿ ಯಾರು ಹೆಚ್ಚು ಗೋಲು ಹೊಡೆದಿದ್ದಾನೆ, ಯಾರ ದಾಖಲೆ ಮುರಿಯುವುದರಲ್ಲಿದೆ ಎಂಬುದನ್ನೆಲ್ಲ, ಲೈಬ್ರರಿಗೆ ತಡವಾಗಿ ಬರುವ ಪತ್ರಿಕೆ ಓದಿ, ಪಕ್ಕದ ಬೀದಿಯ ವಿಷಯದಂತೆ ಹೇಳುವರು. "ನಮ್ಮ ಪೋರ್ಚುಗಲ್‌ನವನು ಈ ವಾರ ಒಂದೂ ಹೊಡೀದೆ ಮಲಗ್ಬುಟ್ಟ ಕಣ್ರೋ."

ಅಲ್ಲಿ ಇಡೀ ಖಂಡದಲ್ಲಿ ಅತಿ ಹೆಚ್ಚು ಗೋಲು ಹೊಡೆದವನಿಗೆ ಚಿನ್ನದ ಬೂಟು ಕೊಡುತ್ತಾರೆ. ಹಿಂದೆ ಗೋಲು ಎಣಿಸಿದರೆ ಸಾಕಿತ್ತು. ಸಣ್ಣ ಲೀಗಿನ ಗೋಲೂ ದೊಡ್ಡ ಲೀಗಿನ ಗೋಲೂ ಒಂದೇನಾ ಎಂಬ ತಕರಾರಿನ ಮೇಲೆ ಗುಣಿಸಲು ಶುರುಮಾಡಿದರು: ಕಷ್ಟದ ಲೀಗಿನ ಗೋಲಿಗೆ ಎರಡು ಅಂಕ, ನಡುವಿನದಕ್ಕೆ ಒಂದೂವರೆ, ಉಳಿದದ್ದಕ್ಕೆ ಒಂದು. ಮೇಷ್ಟ್ರು ಮರುಳಾದರು. "ಕಷ್ಟಕ್ಕೆ ಬೆಲೆ ಕಟ್ಟವ್ರೆ ನೋಡ್ರೋ."

ನಮ್ಮಲ್ಲೂ ಜಾರಿಯಾಯಿತು. ಬರಿಗಾಲಿನ ಗೋಲಿಗೆ ಎರಡು, ಕ್ಯಾನ್ವಾಸ್ ಶೂಗೆ ಒಂದೂವರೆ, ಬೂಟಿಗೆ ಒಂದು. ಬಹುಮಾನಕ್ಕೆ ಯಾರದೋ ಹಳೆಯ ಬೂಟಿಗೆ ಬಂಗಾರದ ಪೇಂಟು ಬಳಿದರು. ಕೆಲವೇ ವಾರಗಳಲ್ಲಿ ಎಲ್ಲರ ಬೂಟುಗಳೂ ಗೆರೆಯಾಚೆ, ದೇವಸ್ಥಾನದ ಮುಂದೆ ಬಿಟ್ಟಂತೆ. ವಿದ್ಯಾರಣ್ಯಪುರಂ ತಂಡದ ಗೋಲ್‌ಕೀಪರ್ ಕೂಡ ಬಿಚ್ಚಿದ್ದ.

"ನೀನು ಯಾವ ಗೋಲು ಹೊಡೀತೀಯೋ?" ಅಂದರು ಮೇಷ್ಟ್ರು.

"ಹೇಳಕ್ಕಾಗಲ್ಲ ಸಾರ್."

ನಾನು ಮಾತ್ರ ಬಿಚ್ಚಲಿಲ್ಲ, ಧೈರ್ಯವಿರಲಿಲ್ಲ. ಗೋಲುಗಳಲ್ಲಿ ನಾನು ಮುಂದಿದ್ದೆ. ಅಂಕಗಳಲ್ಲಿ ರಾಜೀವನಗರದ ಫಾರ್ವರ್ಡ್ ನನ್ನ ಬೆನ್ನಿಗೇ ಇದ್ದ. ಮನೆಯಲ್ಲಿ ಊದುಬತ್ತಿ ಹೊಸೆಯುತ್ತಿದ್ದ ಅವನಮ್ಮ ಆ ವರ್ಷ ಅವನಿಗೆ ಕ್ಯಾನ್ವಾಸ್ ಶೂ ಕೊಡಿಸಿದ್ದರು. ಯಾರೂ ಅದನ್ನು ಅವನ ಕಾಲಲ್ಲಿ ಕಂಡಿರಲಿಲ್ಲ.

ಕೊನೆಯ ಭಾನುವಾರ ಅವನು ಓಡಿದಲ್ಲೆಲ್ಲ ಮಣ್ಣಿನ ಮೇಲೆ ಕೆಂಪು ಬಿದ್ದಿತ್ತು. ಮೇಷ್ಟ್ರು ಸೀಟಿ ಊದಿದರು. ಹಿಮ್ಮಡಿಯಲ್ಲಿ ಹಳೆಯ ಗಾಯ ಕೀವಾಗಿ ಬಾಯಿ ಬಿಟ್ಟಿತ್ತು.

"ಶೂ ಎಲ್ಲೋ?"

"ಬ್ಯಾಗಲ್ಲೈತೆ ಸಾರ್."

"ಯಾಕೋ ಹಾಕಿಲ್ಲ?"

"ಹಾಕುದ್ರೆ ಒಂದೂವರೆ ಆಗೋಯ್ತದಲ್ಲ. ಇನ್ನೊಂದು ಗೋಲು ಹೊಡುದ್ರೆ ಬಹುಮಾನ ನಂದು. ಕಾಲು ಆಮೇಲೆ ನೋಡ್ಕೊಂಡ್ರಾಯ್ತು, ಬುಡಿ ಸಾರ್."

ಮೇಷ್ಟ್ರು ನೆಲದ ಮೇಲೆ ಕೂತುಬಿಟ್ಟರು. ಕೂರಲಿಲ್ಲ, ನಿಂತೇ ಇದ್ದರು ಎಂದು ಅವನು ಇಂದಿಗೂ ವಾದಿಸುತ್ತಾನೆ. ಮಾತಿನ ಬಗ್ಗೆ ಮಾತ್ರ ನಮ್ಮಿಬ್ಬರಿಗೂ ಜಗಳವಿಲ್ಲ: "ರೂಲ್ಸು ಮಾಡಿದ್ದು ನಾನು. ತಪ್ಪು ನಂದು. ಆಟ ಸಾಕು. ಈ ವರ್ಷ ಬೂಟು ಯಾರಿಗೂ ಇಲ್ಲ."

ದೊಡ್ಡವರೊಬ್ಬರು ನಮ್ಮಂಥ ಹುಡುಗರೆದುರು ತಪ್ಪೊಪ್ಪಿಕೊಂಡದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ.

"ಹುಟ್ಟಿದಾಗಿಂದ ಒಂದು ಬಹುಮಾನ ಬಂದಿಲ್ಲ ನಂಗೆ," ಅಂದ ಅವನು. "ಕಿತ್ಕೊಂಡ್ಬುಟ್ರಲ್ಲ ಸಾರ್."

ಮೇಷ್ಟ್ರು ಅವನನ್ನು ಸೈಕಲ್ಲಿನ ಕ್ಯಾರಿಯರ್ ಮೇಲೆ ಕೂರಿಸಿಕೊಂಡು ಆಸ್ಪತ್ರೆಗೆ ಹೋದರು. ಗಾಯ ಮಾಯುವವರೆಗೆ ದಿನಾ ಬೆಳಗ್ಗೆ ಅವನ ಮನೆಗೆ ಹೋಗಿ ತಾವೇ ಪಟ್ಟಿ ಕಟ್ಟಿದರು. ಅವನು ಗೋಡೆಗೆ ಮುಖ ಮಾಡಿ ಮಲಗಿರುತ್ತಿದ್ದ. ಇವರು ಅವನ ಬೆನ್ನಿಗೇ ಯೂರೋಪಿನ ಸ್ಕೋರು ಒಪ್ಪಿಸುತ್ತಿದ್ದರು. ಒಂದು ದಿನ, ಮುಖ ತಿರುಗಿಸದೆಯೇ, ಅವನು ಕೇಳಿದನಂತೆ: "ಪೋರ್ಚುಗಲ್‌ನವನು ಹೊಡುದ್ನಾ ಸಾರ್?"

ಮರುವರ್ಷದಿಂದ ಗೋಲು ಅಂದರೆ ಗೋಲು, ಅಷ್ಟೇ. ಶೂ ಇಲ್ಲದವರಿಗೆ ಮೇಷ್ಟ್ರು ಊರೆಲ್ಲ ಕೇಳಿ ಹಳೆಯ ಶೂ ತಂದರು. ಆದರೆ ಆ ವರ್ಷದ ಟಾಪ್ ಸ್ಕೋರರ್ ಯಾರು ಎಂಬುದು ನಮ್ಮಿಬ್ಬರ ನಡುವೆ ತೀರಲಿಲ್ಲ. ಗೋಲು ಎಣಿಸಿದರೆ ನಾನು, ಆಟ ನಿಲ್ಲಿಸದಿದ್ದರೆ ಅಂಕದಲ್ಲಿ ತಾನೇ ಎಂದು ಅವನು. ಟೀ ಅಂಗಡಿಯಲ್ಲಿ, ಮದುವೆ ಮನೆಗಳಲ್ಲಿ, ಸಿಕ್ಕಲ್ಲೆಲ್ಲ ಕಚ್ಚಾಡಿದೆವು. ಮೇಷ್ಟ್ರನ್ನು ಕೇಳಿದರೆ ನಗುವರು.

ಅವರು ತೀರಿಕೊಂಡ ಬೆಳಗ್ಗೆ ಅವರ ಮನೆಯ ಗೇಟಿನ ಬಳಿ ನಾವಿಬ್ಬರೂ ನಿಂತಿದ್ದೆವು.

"ಆ ವರ್ಷ ಜಾಸ್ತಿ ನಿಂದೇ ಕಣೋ," ಅಂದೆ.

"ಇಲ್ಲ ಬುಡು, ನಿಂದೇ."

"ನಿಂದು ಅಂದ್ನಲ್ಲ."

"ಲೆಕ್ಕ ಬರ್ತದೇನೋ ನಿಂಗೆ? ನಿಂದು."

ದನಿ ಏರಿತು. ಒಳಗಿನಿಂದ ಯಾರೋ ಬಂದು, ಸಾವಿನ ಮನೆ ಕಣ್ರಪ್ಪ, ಸುಮ್ಮನಿರಿ ಅಂದರು. ಸುಮ್ಮನಾದೆವು. ಇಬ್ಬರಲ್ಲಿ ಯಾರೂ ಬಿಟ್ಟುಕೊಡಲಿಲ್ಲ.